ಹೊಸ ಕಟ್ಟಿಗೆ ಒಲೆ ಹಚ್ಚಿದರೆ ಹೊಗೆ ಮನೆಯೊಳಗೇ ತಿರುಗುತ್ತಿದೆ, ಏನು ಮಾಡಲಿ? (ದಾವಣಗೆರೆ)

ಹಿತ್ತಲಮನೆ
ಎಲ್ಲರಿಗೂ ನಮಸ್ಕಾರ. ದಾವಣಗೆರೆ ಹೊರಗೆ, ಹರಿಹರದ ಕಡೆ ಹೊಸ ಮನೆ ಕಟ್ಟಿಸಿದ್ದೇವೆ. ದಿನದ ಅಡುಗೆಗೆ ಗ್ಯಾಸ್ ಇದೆ. ಆದರೆ ರೊಟ್ಟಿಗೆ, ಮುದ್ದೆಗೆ, ಹಬ್ಬದ ದೊಡ್ಡ ಅಡುಗೆಗೆ ಅಮ್ಮನಿಗೆ ಕಟ್ಟಿಗೆ ಒಲೆ ಬೇಕೇ ಬೇಕು. ಅದಕ್ಕೇ ಹಿಂದಿನ ಕೋಣೆಯಲ್ಲಿ ಇಟ್ಟಿಗೆಯ ಎರಡು ಕಣ್ಣಿನ, ಅಂದರೆ ಎರಡು ಪಾತ್ರೆ ಕೂರುವ ಒಲೆ ಹಾಕಿಸಿದೆವು. ಹೊಗೆ ಪೈಪ್ ಗೋಡೆ ದಾಟಿ ಹೊರಗೆ ಹೋಗಿ ಅಲ್ಲಿಂದ ಮೇಲೇರುತ್ತದೆ. ಸಜ್ಜೆಗಿಂತ ಸ್ವಲ್ಪ ಎತ್ತರ ಇದೆ ಅಷ್ಟೇ.

ಬೆಳಿಗ್ಗೆ ಹಚ್ಚಿದ ಕೂಡಲೇ ಹೊಗೆಯೆಲ್ಲ ಒಲೆ ಬಾಯಿಂದಲೇ ವಾಪಸ್ ಬರುತ್ತದೆ. ಆಮೇಲೆ ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ಸಂಜೆ ಸೊಳ್ಳೆ ಅಂತ ಅಮ್ಮ ಬಾಗಿಲು, ಕಿಟಕಿ ಹಾಕಿಕೊಂಡು ರೊಟ್ಟಿ ಬಡಿಯುತ್ತಾರೆ. ಮೊನ್ನೆ ತಲೆ ಸಿಡಿಯುತ್ತಿದೆ, ವಾಂತಿ ಬರುವ ಹಾಗಿದೆ ಅಂತ ಎದ್ದು ಬಂದರು. ಹೊರಗೆ ಕಟ್ಟೆ ಮೇಲೆ ಕೂತ ಮೇಲೆ ಸರಿಹೋದರು. ಕಟ್ಟಿಗೆ ಸೈಟಿನಲ್ಲೇ ಕಡಿಸಿದ ಜಾಲಿ. ಈ ಮಳೆಗಾಲಕ್ಕೆ ಮುಂಚೆ ಕಡಿಸಿದ್ದು.

"ಕಟ್ಟಿಗೆ ಒಲೆ ಅಂದಮೇಲೆ ಹೊಗೆ ಇದ್ದದ್ದೇ" ಅನ್ನುತ್ತಾರೆ ಅಮ್ಮ. ನನಗೆ ಸಮಾಧಾನ ಇಲ್ಲ. ಒಲೆ ಕೆಡವಿಸಬೇಕಾ, ಪೈಪ್ ಬದಲಿಸಿದರೆ ಸಾಕಾ? ತಿಳಿದವರು ಹೇಳಿ.

ಗ್ಯಾಸ್ ಸಾಕು
ಮನೆಯಲ್ಲಿ ಗ್ಯಾಸ್ ಇದ್ದ ಮೇಲೆ ಈ ಪಾಡು ಯಾಕೆ? ಕೆಡವಿಸಿ.

ಚನ್ನಗಿರಿ ತೋಟ
ಕೆಡವಿಸಿ ಅನ್ನುವುದು ಸುಲಭ. ಜೋಳದ ರೊಟ್ಟಿ ಕೆಂಡದ ಮುಂದೆ ನಿಲ್ಲಿಸಿ ಉಬ್ಬಿಸುವುದು ಗ್ಯಾಸ್ ಮೇಲೆ ಆಗಲ್ಲ. ನಮ್ಮ ಕಡೆ ಅಡಿಕೆ ಬೇಯಿಸುವ ಕಾಲದಲ್ಲಿ ಇಡೀ ದಿನ ಒಲೆ ಉರಿಯುತ್ತದೆ. ಒಲೆ ತಪ್ಪಲ್ಲ, ನಿಮ್ಮ ಕಟ್ಟಿಗೆ ಹಸಿ. ಮಳೆಗಾಲಕ್ಕೆ ಮುಂಚೆ ಕಡಿದ ಜಾಲಿ ಇಷ್ಟು ಬೇಗ ಒಣಗುವುದೇ ಇಲ್ಲ. ಎರಡು ತುಂಡು ತೆಗೆದುಕೊಂಡು ಒಂದಕ್ಕೊಂದು ಬಡಿದು ನೋಡಿ. ಒಣಗಿದ್ದರೆ ಟಣ್ ಅನ್ನುತ್ತದೆ, ಹಸಿ ಇದ್ದರೆ ದಪ್ ಅನ್ನುತ್ತದೆ. ಕೊಯ್ದ ತುದಿಯಲ್ಲಿ ಬಿರುಕು ಬಿಟ್ಟಿರಬೇಕು, ಸಿಪ್ಪೆ ಕೈಯಲ್ಲೇ ಕಿತ್ತು ಬರಬೇಕು.

ವಾರ್ಡ್ ಡ್ಯೂಟಿ
ಹಿತ್ತಲಮನೆಯವರೇ, ಮಿಕ್ಕಿದ್ದೆಲ್ಲ ಆಮೇಲೆ. ಮೊದಲು ಇದನ್ನು ಓದಿ. ನಾನು ನರ್ಸ್.

ಅಮ್ಮನಿಗೆ ಆಗಿದ್ದು ಬರೀ ಹೊಗೆಯ ತಲೆನೋವು ಅಂತ ಬಿಡಬೇಡಿ. ತಲೆನೋವು, ವಾಕರಿಕೆ, ಹೊರಗೆ ಗಾಳಿಗೆ ಬಂದ ಮೇಲೆ ಸುಧಾರಣೆ, ಈ ಮೂರೂ ಸೇರಿದರೆ ಮೊದಲು ಅನುಮಾನ ಪಡಬೇಕಾದ್ದು ಕಾರ್ಬನ್ ಮೊನಾಕ್ಸೈಡ್. ಇದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಆಮ್ಲಜನಕಕ್ಕೆ ಜಾಗ ಸಿಗುವುದಿಲ್ಲ. ಕಣ್ಣು ಉರಿಯುವ ಹೊಗೆ ಇದ್ದರೆ ಮನುಷ್ಯ ಎದ್ದು ಓಡುತ್ತಾನೆ. ಇದು ಓಡಲು ಬಿಡುವುದಿಲ್ಲ, ನಿದ್ದೆ ಬರಿಸುತ್ತದೆ.

ಹೊಗೆ ನಿಂತು ಕೆಂಡ ಮಾತ್ರ ಉಳಿದಾಗ ಅಪಾಯ ಹೋಯಿತು ಅಂದುಕೊಳ್ಳುತ್ತಾರೆ. ಕೆಂಡದಿಂದಲೂ ಈ ಅನಿಲ ಬರುತ್ತಲೇ ಇರುತ್ತದೆ. ಚಳಿ ಅಂತ ಕೆಂಡದ ಬಾಂಡ್ಲಿಯನ್ನು ಮಲಗುವ ಕೋಣೆಗೆ ತಂದು ಬಾಗಿಲು ಹಾಕುವುದು ಬೇಡವೇ ಬೇಡ.

ಪೈಪ್ ರಿಪೇರಿ ಆಗುವವರೆಗೆ ಆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಒಲೆ ಹಚ್ಚಲೇಬಾರದು. ಸೊಳ್ಳೆಗೆ ಕಿಟಕಿಗೆ ಜಾಲರಿ ಹೊಡೆಸಿ. ಮತ್ತೆ ಹಾಗಾದರೆ ತಕ್ಷಣ ಹೊರಗೆ ಕರೆತನ್ನಿ, ಮಂಪರು ಇದ್ದರೆ 108ಕ್ಕೆ ಫೋನ್ ಮಾಡಿ. ಇನ್ನೊಂದು ಸಲ ತಲೆನೋವು ಬಂದರೂ ಡಾಕ್ಟರ ಹತ್ತಿರ ಹೋಗಿ, ಒಲೆಯ ವಿಷಯ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಅವರಿಗೂ ಹೊಳೆಯುವುದಿಲ್ಲ.

ಹಳೇ ಬೇರು
ಸುಮ್ನೆ ಹೆದರಿಸಬೇಡಿ ಅಕ್ಕ. ನಮ್ಮಜ್ಜಿ ಜೀವನ ಪೂರ್ತಿ ಒಲೆ ಮುಂದೆ ಕೂತವರು. 80 ದಾಟಿ ಬದುಕಿದರು.

ವಾರ್ಡ್ ಡ್ಯೂಟಿ
ನಿಮ್ಮಜ್ಜಿಯ ಅಡುಗೆಮನೆ ಹೆಂಚಿನದ್ದು ಅಲ್ವಾ? ಹೆಂಚಿನ ಸಂದಿಯಲ್ಲಿ ಹೊಗೆ ಹೋಗುತ್ತಿತ್ತು. ಮೇಲೆ ಬೆಳಕಿಂಡಿ ಇರುತ್ತಿತ್ತು, ಹಿತ್ತಲ ಬಾಗಿಲು ಇಡೀ ದಿನ ತೆರೆದಿರುತ್ತಿತ್ತು. ಈಗಿನದು ಆರ್‌ಸಿಸಿ ಮನೆ, ಗಾಜಿನ ಕಿಟಕಿ, ಸಂದಿಯೇ ಇಲ್ಲ. ಅದೇ ಒಲೆ ತಂದು ಇಲ್ಲಿಟ್ಟರೆ ಅದೇ ಫಲ ಸಿಗಲ್ಲ.

ಹಾಗಂತ ಹಳೇ ಕಾಲದಲ್ಲಿ ಏನೂ ಆಗಲಿಲ್ಲ ಅನ್ನುವುದನ್ನೂ ನಾನು ಒಪ್ಪುವುದಿಲ್ಲ. ಬೀಡಿ ಮುಟ್ಟದ ಹೆಂಗಸರು ದಮ್ಮು ಹಿಡಿದು ಬರುವುದನ್ನು ನಮ್ಮ ವಾರ್ಡಿನಲ್ಲಿ ನೋಡುತ್ತಲೇ ಇದ್ದೇನೆ. ಕಣ್ಣಿನ ಪೊರೆಗೂ ಹೊಗೆಗೂ ನಂಟಿದೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ತೀರಿಕೊಂಡರು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಒಬ್ಬ ಅಜ್ಜಿ ಬದುಕಿದ್ದು ಲೆಕ್ಕವಲ್ಲ.

ಹಳೇ ಬೇರು
ಹೆಂಚಿನ ಮಾತು ಸರಿ. ಅಷ್ಟು ಯೋಚಿಸಿರಲಿಲ್ಲ.

ಕರಣೆ ಕೈ
ನಾನು ಗಾರೆ ಕೆಲಸದವನು. ದುರ್ಗ, ಹೊಳಲ್ಕೆರೆ ಕಡೆ ಒಲೆ ಹಾಕುತ್ತೇನೆ. ನೀವು ಬರೆದದ್ದು ನೋಡಿದರೆ ಒಲೆ ಕೆಡವುವುದು ಬೇಡ. ಪೈಪ್ ಮಾತ್ರ ಬದಲಿಸಿ.

ಬೆಳಿಗ್ಗೆ ಮಾತ್ರ ಜಾಸ್ತಿ ಹೊಗೆ ಬರುವುದು ಯಾಕೆ ಅಂದರೆ ಪೈಪ್ ತಣ್ಣಗಿರುತ್ತದೆ. ಹೊರಗೋಡೆಗೆ ಹಾಕಿದ ಪೈಪ್ ರಾತ್ರಿಯೆಲ್ಲ ಆರಿರುತ್ತದೆ. ಒಳಗೆ ತಣ್ಣನೆಯ ಗಾಳಿ ಭಾರವಾಗಿ ಕೂತಿರುತ್ತದೆ. ಅದು ಮೇಲೆ ಹೋಗದೆ ಕೆಳಗೆ ಒತ್ತುತ್ತದೆ. ಅದಕ್ಕೆ ಕಟ್ಟಿಗೆ ಇಡುವ ಮುಂಚೆ ಒಂದು ಪೇಪರ್ ಉಂಡೆ ಅಥವಾ ಒಣ ತೆಂಗಿನ ಗರಿ ಹಚ್ಚಿ ಪೈಪ್ ಶುರುವಾಗುವ ಬಾಯಲ್ಲಿ ಹಿಡಿಯಿರಿ. ಜ್ವಾಲೆ ಪೈಪಿನ ಕಡೆ ಬಾಗಿತು, ಸುರ್ ಅಂತ ಎಳೆಯಿತು ಅಂದರೆ ದಾರಿ ಬಿಟ್ಟಿತು ಅಂತ ಅರ್ಥ. ಬಾಗದಿದ್ದರೆ ಒಲೆ ಹಚ್ಚಬೇಡಿ. ಹಕ್ಕಿ ಗೂಡು ಕಟ್ಟಿರಬಹುದು, ಇಲ್ಲವೇ ಮಸಿ ತುಂಬಿರಬಹುದು.

ಎತ್ತರ ಎರಡನೇ ಮಾತು. ಸಜ್ಜೆ ದಾಟಿದರೆ ಸಾಲದು. ಪೈಪಿನ ತುದಿ ಛಾವಣಿ ದಾಟಿ ಕಡಿಮೆ ಅಂದರೂ 3 ಅಡಿ ಮೇಲಿರಬೇಕು. ಸುತ್ತ 10 ಅಡಿಯೊಳಗೆ ಪ್ಯಾರಾಪೆಟ್, ನೀರಿನ ಟ್ಯಾಂಕ್, ಮೆಟ್ಟಿಲ ಕೋಣೆ ಏನಿದ್ದರೂ ಅದಕ್ಕಿಂತ 2 ಅಡಿ ಎತ್ತರ ಬೇಕು. ಇಲ್ಲದಿದ್ದರೆ ಗಾಳಿ ಗೋಡೆಗೆ ಬಡಿದು ಸುತ್ತಿ ಪೈಪಿನೊಳಗೇ ಇಳಿಯುತ್ತದೆ.

ಇನ್ನು ತಿರುವು. ಗೋಡೆ ದಾಟಲು ಪೈಪನ್ನು ಅಡ್ಡ ಮಲಗಿಸಿದ್ದಾರೆ ಅಲ್ವಾ? ಅಡ್ಡ ಮಲಗಿದ ಕಡೆ ಮಸಿ ಕೂರುತ್ತದೆ. ಆದಷ್ಟು ನೇರ ಮೇಲಕ್ಕೇ ಹೋಗಲಿ. ತಿರುವು ಬೇಕೇ ಬೇಕು ಅಂದರೆ ಓರೆ ಮಾಡಿ, ಲಂಬಕೋನ ಬೇಡ. ಕೆಳಗೆ ಮಸಿ ತೆಗೆಯಲು ಒಂದು ಮುಚ್ಚಳದ ಬಾಯಿ ಇಡಿಸಿ. ಈ ಬಾಯಿ ಇಡದ ಮೇಸ್ತ್ರಿಗಳ ಮೇಲೆ ನನಗೆ ಸಿಟ್ಟು ಬರುತ್ತದೆ.

ಜೋಗಿಮಟ್ಟಿ ಗಾಳಿ
ದುರ್ಗದಲ್ಲಿ ಮೇಲಿನ ಲೆಕ್ಕವೂ ಸಾಲದು. ಇಲ್ಲಿ ಗುಡ್ಡದ ಮೇಲೆ ವಿಂಡ್‌ಮಿಲ್ ನಿಲ್ಲಿಸಿದ್ದು ಸುಮ್ಮನೆ ಅಲ್ಲ. ಆಷಾಢದಲ್ಲಿ ಗಾಳಿ ನೇರ ಪೈಪಿಗೇ ನುಗ್ಗುತ್ತದೆ. ತುದಿಗೆ ಇಂಗ್ಲಿಷ್ ಟಿ ಅಕ್ಷರದ ಹಾಗೆ ಅಡ್ಡ ತುಂಡು ಹಾಕಿಸಿದ ಮೇಲೆ ನಮ್ಮ ಮನೆಯಲ್ಲಿ ತೊಂದರೆ ನಿಂತಿತು. ಮಳೆ ನೀರೂ ಒಳಗೆ ಬರಲ್ಲ.

ಕರಣೆ ಕೈ
ಟಿ ತುಂಡು ಒಳ್ಳೆಯದು. ತಟ್ಟೆ ಮುಚ್ಚಳ ಹಾಕುವವರು ಪೈಪಿಗೂ ಮುಚ್ಚಳಕ್ಕೂ ಸಾಕಷ್ಟು ಸಂದಿ ಬಿಡಿ. ಎರಡು ಬೆರಳು ಸಂದಿ ಬಿಟ್ಟು ಕೂರಿಸಿದರೆ ಹೊಗೆ ಎಲ್ಲಿಗೆ ಹೋಗಬೇಕು?

ಬಸ್ ಸ್ಟ್ಯಾಂಡ್ ಚಾ
ಹಸಿ ಕಟ್ಟಿಗೆಗೆ ಸ್ವಲ್ಪ ಸೀಮೆಎಣ್ಣೆ ಇಲ್ಲವೇ ಡೀಸೆಲ್ ಚಿಮುಕಿಸಿ. ಭಗ್ ಅಂತ ಹತ್ತುತ್ತದೆ.

ವಾರ್ಡ್ ಡ್ಯೂಟಿ
ದಯವಿಟ್ಟು ಈ ಸಲಹೆ ಅಳಿಸಿ. ಒಲೆ ಆರಿದೆ ಅಂದುಕೊಂಡು ಬೂದಿಯೊಳಗೆ ಕೆಂಡ ಇರುವಾಗ ಎಣ್ಣೆ ಸುರಿದರೆ ಅದು ಮೊದಲು ಆವಿಯಾಗುತ್ತದೆ. ಆಮೇಲೆ ಆವಿ ಒಟ್ಟಿಗೇ ಹೊತ್ತಿಕೊಳ್ಳುತ್ತದೆ. ಬೆಂಕಿ ಧಾರೆ ಹಿಡಿದು ಕ್ಯಾನಿನವರೆಗೆ ಬರುತ್ತದೆ. ಮುಖ, ಕೈ, ಎದೆ ಸುಟ್ಟುಕೊಂಡು ಬಂದವರಿಗೆ ಡ್ರೆಸಿಂಗ್ ಮಾಡಿದ್ದೇನೆ. ಪೆಟ್ರೋಲ್, ಥಿನ್ನರ್, ಸ್ಯಾನಿಟೈಸರ್ ಯಾವುದೂ ಬೇಡ.

ಬಸ್ ಸ್ಟ್ಯಾಂಡ್ ಚಾ
ಹೋಟೆಲ್‌ಗಳಲ್ಲಿ ಮಾಡುವುದನ್ನು ನೋಡಿ ಹೇಳಿದೆ. ಅಳಿಸುವುದಿಲ್ಲ, ಕೆಳಗೆ ನಿಮ್ಮ ಉತ್ತರ ಇದ್ದರೆ ನಾಲ್ಕು ಜನ ಓದುತ್ತಾರೆ. ಹಾಗಾದರೆ ಸರಿಯಾಗಿ ಹಚ್ಚುವುದು ಹೇಗೆ ಹೇಳಿ?

ಚನ್ನಗಿರಿ ತೋಟ
ನಮ್ಮ ಮನೆ ಪದ್ಧತಿ ಹೇಳುತ್ತೇನೆ. ಹಿಂದಿನ ದಿನದ ಬೂದಿ ಬಳಿದು ಒಲೆ ಹೊಟ್ಟೆ ಖಾಲಿ ಮಾಡಬೇಕು. ಬೂದಿ ತುಂಬಿದ್ದರೆ ಕೆಳಗಿನಿಂದ ಗಾಳಿ ಬರಲ್ಲ. ಎರಡು ದಪ್ಪ ತುಂಡು ಅಕ್ಕಪಕ್ಕ, ನಡುವೆ ಕೈ ಹೋಗುವಷ್ಟು ಜಾಗ. ಆ ಜಾಗದಲ್ಲಿ ಒಣ ಪುಳ್ಳೆ, ತೊಗರಿ ಕಡ್ಡಿ, ತೆಂಗಿನ ಗರಿ. ಮೆಕ್ಕೆಜೋಳದ ಬೆಂಡು ಸಿಕ್ಕರೆ ಇನ್ನೂ ಒಳ್ಳೆಯದು, ದಾವಣಗೆರೆ ಸುತ್ತ ಅದಕ್ಕೇನು ಬರವೇ? ಬೆಂಡು ಬೇಗ ಹತ್ತುತ್ತದೆ, ಬೇಗ ಮುಗಿಯುತ್ತದೆ, ಹಚ್ಚಲು ಮಾತ್ರ ಸರಿ. ಪುಳ್ಳೆ ಚಟಚಟ ಅನ್ನಲು ಶುರುವಾದ ಮೇಲೆ ತೆಳು ಸೀಳು, ಅದು ಹಿಡಿದ ಮೇಲೆ ದಪ್ಪದ್ದು. ಒಲೆ ಬಾಯಿ ತುಂಬ ಕಟ್ಟಿಗೆ ತುರುಕಬಾರದು. ಅರ್ಧ ಬಾಯಿ ಗಾಳಿಗೆ ಬಿಡಬೇಕು. ಹೊಗೆ ಬಂತು ಅಂತ ಊದುಗೊಳವೆ ಹಿಡಿದು ಊದುತ್ತಲೇ ಇರುವವರು ಒಂದು ತುಂಡು ಹೊರಗೆ ಎಳೆದು ನೋಡಿ. ಹೊಗೆ ತಾನಾಗಿ ನಿಲ್ಲುತ್ತದೆ.

ಉರಿ ತಿಳಿ ಹಳದಿ ಇದ್ದು ಹೊರಗೆ ಪೈಪಿನ ತುದಿಯಲ್ಲಿ ಹೊಗೆ ಕಾಣದ ಹಾಗಿದ್ದರೆ ಒಲೆ ಸರಿಯಾಗಿದೆ. ಕಟ್ಟಿಗೆ ಬುಡದಲ್ಲಿ ನೊರೆ ನೊರೆ ನೀರು ಸುಯ್ ಅನ್ನುತ್ತಿದ್ದರೆ ಆ ತುಂಡು ತೆಗೆದು ಬಿಸಿಲಿಗೆ ಹಾಕಿ.

ಉಂಗ್ರದ ನೆನಪು
ಎಲ್ಲರೂ ಅಸ್ತ್ರ ಒಲೆ ಮರೆತುಬಿಟ್ಟಿರಾ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಸ್ತ್ರ ಅನ್ನುವ ವಿಭಾಗ ಶುರುವಾಯಿತು. ಹಳ್ಳಿಗೆ ಬೇಕಾದ ತಂತ್ರಜ್ಞಾನ ಅವರ ಕೆಲಸ. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅವರ ಕೇಂದ್ರ ಇತ್ತು. ಅವರು ರೂಪಿಸಿದ ಒಲೆಯಲ್ಲಿ ಸಾಲಾಗಿ ಮೂರು ಪಾತ್ರೆ ಕೂರುತ್ತವೆ. ಕಟ್ಟಿಗೆ ಉರಿಯುವುದು ಕಂಬಿ ಜಾಲರಿ ಮೇಲೆ, ಕೆಳಗಿನಿಂದ ಗಾಳಿ. ಪಾತ್ರೆಗಳು ಒಲೆಯ ಕಣ್ಣಿಗೆ ಬಿಗಿಯಾಗಿ ಕೂತಿರುತ್ತವೆ. ಬಿಸಿ ಹೊಗೆ ಮೂರರ ಅಡಿಯಲ್ಲೂ ಹಾದು ಪೈಪಿಗೆ ಹೋಗುತ್ತದೆ. ಮೂರು ಕಲ್ಲಿನ ಒಲೆಯಲ್ಲಿ ಬಹುಪಾಲು ಶಾಖ ಗಾಳಿಗೇ ಹೋಗುತ್ತದೆ. ಇಲ್ಲಿ ಕಟ್ಟಿಗೆ ಉಳಿಯುತ್ತದೆ, ಹೊಗೆಯೂ ಕಣ್ಣಿಗೆ ಬರಲ್ಲ.

ಹಿತ್ತಲಮನೆಯವರೇ, ನಿಮ್ಮ ಒಲೆಗೆ ಕಂಬಿ ಜಾಲರಿ ಇದೆಯಾ? ಎರಡನೇ ಕಣ್ಣಿನ ಮೇಲೆ ಪಾತ್ರೆ ಇಲ್ಲದಾಗ ಮುಚ್ಚುತ್ತೀರಾ?

ಹಿತ್ತಲಮನೆ
ಜಾಲರಿ ಇಲ್ಲ. ನೆಲದ ಮೇಲೇ ಕಟ್ಟಿಗೆ ಇಡುವುದು. ಎರಡನೇ ಕಣ್ಣು ಖಾಲಿ ಇದ್ದರೆ ಹಾಗೇ ತೆರೆದಿರುತ್ತದೆ.

ಉಂಗ್ರದ ನೆನಪು
ಅಲ್ಲೇ ಅರ್ಧ ಹೊಗೆ ಸೋರುತ್ತಿದೆ. ಖಾಲಿ ಕಣ್ಣಿನ ಮೇಲೆ ನೀರು ತುಂಬಿದ ಪಾತ್ರೆ ಇಡಿ. ಹೊಗೆಯೂ ನಿಂತಿತು, ಬಿಸಿನೀರೂ ಆಯಿತು.

ಬೆಣ್ಣೆ ಖಾಲಿ ದೋಸೆ
ದಾವಣಗೆರೆಯವರು ಇಷ್ಟು ಹೊತ್ತು ಕಟ್ಟಿಗೆ ಒಲೆ ಬಗ್ಗೆ ಮಾತಾಡಿ ಬೆಣ್ಣೆ ದೋಸೆ ಹೆಸರೆತ್ತಲಿಲ್ಲ! ಕಟ್ಟಿಗೆ ಉರಿಯಲ್ಲಿ ಕಾದ ದಪ್ಪ ಕಾವಲಿಯ ದೋಸೆಗೂ ಗ್ಯಾಸಿನ ದೋಸೆಗೂ ಹೋಲಿಕೆಯೇ ಇಲ್ಲ.

ಗ್ಯಾಸ್ ಸಾಕು
ರುಚಿ ಬೆಣ್ಣೆಯದ್ದು, ಹಿಟ್ಟಿನದ್ದು. ಬೆಂಕಿಗೆ ರುಚಿ ಗೊತ್ತಾ?

ಬೆಣ್ಣೆ ಖಾಲಿ ದೋಸೆ
ಕಾವಲಿ ಎಲ್ಲ ಕಡೆ ಒಂದೇ ಸಮ ಕಾಯುವುದರಲ್ಲಿದೆ ಸ್ವಾಮಿ. ನಡುವೆ ಮಾತ್ರ ಕರಕಲಾಗಿ ಅಂಚು ಬಿಳಿ ಉಳಿಯುವ ದೋಸೆ ನಮ್ಮದಲ್ಲ. ಮಂಡಕ್ಕಿಯನ್ನೂ ಕೇಳಿ, ಭಟ್ಟಿಯ ಉರಿ ಸ್ವಲ್ಪ ತಗ್ಗಿದರೆ ಅಕ್ಕಿ ಅರಳುವುದೇ ಇಲ್ಲ.

ಚಳ್ಳಕೆರೆ ಶೇಂಗಾ
ದೋಸೆ ಬಿಟ್ಟು ಬೆಂಕಿಗೆ ಬನ್ನಿ. ಒಲೆಗೆ ಏನು ಹಾಕಬಾರದು ಅಂತ ಯಾರೂ ಬರೆದಿಲ್ಲ. ಹೊಸ ಮನೆ ಕಟ್ಟಿದವರ ಹತ್ತಿರ ಪ್ಲೈವುಡ್ ತುಂಡು, ಪೇಂಟ್ ಹೊಡೆದ ಹಲಗೆ, ಸೆಂಟ್ರಿಂಗ್ ಚೂರು ರಾಶಿ ಬಿದ್ದಿರುತ್ತದೆ. ಪ್ಲೈವುಡ್ಡಿನ ಅಂಟು ಸುಟ್ಟರೆ ಫಾರ್ಮಾಲ್ಡಿಹೈಡ್, ಗೆದ್ದಲು ಔಷಧಿ ಹೊಡೆದ ಮರದ ಹೊಗೆಯೂ ವಿಷ. ಹಾಲಿನ ಕವರ್ ಹಾಕಿ ಬೆಂಕಿ ಹಚ್ಚುವ ಅಭ್ಯಾಸ ಎಷ್ಟು ಮನೆಯಲ್ಲಿದೆ! ಅದರ ಹೊಗೆ ತಿನ್ನುವ ರೊಟ್ಟಿಗೇ ತಾಗುತ್ತದೆ. ಬೇಲಿಯ ಕಣಗಿಲೆ ಕಡ್ಡಿಯನ್ನಂತೂ ಒಲೆಗೆ ಹಾಕಲೇಬೇಡಿ. ಗಿಡ ಪೂರ್ತಿ ವಿಷ, ಹೊಗೆಯೂ ಹಾಗೇ.

ಇನ್ನೊಂದು ನಮ್ಮ ಬಿಸಿಲು ಸೀಮೆಯ ಮಾತು. ಕಟ್ಟಿಗೆ ರಾಶಿಯಲ್ಲಿ ಚೇಳು ಇರುತ್ತದೆ. ಕತ್ತಲಲ್ಲಿ ಕೈ ಹಾಕಬೇಡಿ. ಕಲ್ಲು ಇಟ್ಟು ಅದರ ಮೇಲೆ ಅಡ್ಡ ಹಲಗೆ ಹಾಕಿ ನೆಲದಿಂದ ಎತ್ತರಕ್ಕೆ ಒಟ್ಟಿ. ತುಂಡನ್ನು ತಂದ ಮೇಲೆ ಅಂಗಳದಲ್ಲೇ ಕುಕ್ಕಿ ಝಾಡಿಸಿ, ಆಮೇಲೆ ಒಳಗೆ ತನ್ನಿ. ರಾಶಿಯನ್ನು ಮನೆ ಗೋಡೆಗೆ ಒತ್ತಿ ಒಟ್ಟಿದರೆ ಗೆದ್ದಲು ಬಾಗಿಲ ಚೌಕಟ್ಟಿಗೆ ಬರುತ್ತದೆ.

ವೇದಾವತಿ ದಂಡೆ
ಬಚ್ಚಲು ಒಲೆ ಬಗ್ಗೆಯೂ ಹೇಳಬೇಕು. ಹಿರಿಯೂರು ಕಡೆ ಹಂಡೆ ಒಲೆ ಇನ್ನೂ ಬಹಳ ಮನೆಗಳಲ್ಲಿದೆ. ಹಳೇ ಬಚ್ಚಲಲ್ಲಿ ಒಲೆ ಬಾಯಿ ಹೊರಗೆ, ಹಂಡೆ ಒಳಗೆ. ಹೊಸದಾಗಿ ಕಟ್ಟಿಸುವವರು ಬಾಯಿಯನ್ನೂ ಒಳಗೇ ಮಾಡಿಸುತ್ತಿದ್ದಾರೆ. ಚಳಿಗಾಲದಲ್ಲಿ ಚಿಲಕ ಹಾಕಿ, ವೆಂಟಿಲೇಟರಿಗೆ ಗೋಣಿ ತುರುಕಿ ಸ್ನಾನಕ್ಕೆ ಕೂತರೆ ನರ್ಸಕ್ಕ ಹೇಳಿದ ಅದೇ ಅನಿಲ. ಎಚ್ಚರ ತಪ್ಪಿದರೆ ಚಿಲಕ ತೆಗೆಯುವವರು ಯಾರು? ಬಾಯಿ ಹೊರಗೇ ಇರಲಿ. ನೀರು ತುಂಬುವ ಹಬ್ಬಕ್ಕೆ ಹಂಡೆಗೆ ಬಳ್ಳಿ ಸುತ್ತಿ ಸಿಂಗಾರ ಮಾಡುತ್ತೀರಲ್ಲ, ಅವತ್ತೇ ಅದರ ಪೈಪಿನ ಮಸಿಯನ್ನೂ ತೆಗೆಸಿ.

ಕರಣೆ ಕೈ
ಮಸಿ ವಿಷಯ ಬಂದದ್ದಕ್ಕೆ ಹೇಳುತ್ತೇನೆ. ಹಸಿ ಕಟ್ಟಿಗೆ ಸುಟ್ಟರೆ ಪೈಪಿನ ಒಳಗೆ ಡಾಂಬರಿನ ಹಾಗೆ ಹೊಳೆಯುವ ಜಿಡ್ಡು ಹಿಡಿಯುತ್ತದೆ. ಅದು ಉರಿಯುವ ವಸ್ತು. ಒಂದು ದಿನ ಜೋರು ಉರಿ ಹಾಕಿದಾಗ ಪೈಪಿನೊಳಗೇ ಬೆಂಕಿ ಹತ್ತುತ್ತದೆ. ಗುಂಯ್ ಅಂತ ದೊಡ್ಡ ಸದ್ದು ಬರುತ್ತದೆ, ತುದಿಯಲ್ಲಿ ಕಿಡಿ ಹಾರುತ್ತದೆ. ಆಗ ಒಲೆ ಬಾಯಿಯನ್ನು ತಗಡಿನಿಂದ ಮುಚ್ಚಿ ಗಾಳಿ ನಿಲ್ಲಿಸಿ, ಎಲ್ಲರೂ ಹೊರಗೆ ಬನ್ನಿ, 112ಕ್ಕೆ ಫೋನ್ ಮಾಡಿ. ಕಾದ ಪೈಪಿಗೆ ನೀರು ಸುರಿಯಬೇಡಿ, ಒಡೆಯುತ್ತದೆ. ದಿನಾ ಹಚ್ಚುವವರು ತಿಂಗಳಿಗೊಮ್ಮೆ ಮಸಿ ಬಡಿಯಿರಿ.

ಹಳೇ ಬೇರು
ಅಡುಗೆ ಮುಗಿದ ಮೇಲೆ ಒಲೆಗೆ ನೀರು ಹಾಕುವವರಿದ್ದಾರೆ. ಹಾಕಬಾರದು. ಆವಿಯ ಜೊತೆ ಬಿಸಿ ಬೂದಿ ಮುಖಕ್ಕೆ ಹಾರುತ್ತದೆ, ಒಲೆಯೂ ಸೀಳುತ್ತದೆ. ಕೊಳ್ಳಿಗಳನ್ನು ಬೇರೆ ಬೇರೆ ಎಳೆದು ಬೂದಿಗೆ ಒತ್ತಿದರೆ ಆರುತ್ತವೆ. ಇದು ನಮ್ಮಜ್ಜಿ ಹೇಳಿಕೊಟ್ಟದ್ದು, ನರ್ಸಕ್ಕ ಇದನ್ನಾದರೂ ಒಪ್ಪಿ.

ವಾರ್ಡ್ ಡ್ಯೂಟಿ
ಪೂರ್ತಿ ಒಪ್ಪಿದೆ. ಬೂದಿಯನ್ನು ಪ್ಲಾಸ್ಟಿಕ್ ಬಕೆಟ್ಟಿಗೆ, ಗೋಣಿಚೀಲಕ್ಕೆ, ತಿಪ್ಪೆಗೆ ಅವತ್ತೇ ಹಾಕಬೇಡಿ. ಮೇಲೆ ತಣ್ಣಗಿದ್ದರೂ ಒಳಗೆ ಕೆಂಡ ಒಂದೆರಡು ದಿನ ಜೀವ ಹಿಡಿದಿರುತ್ತದೆ. ಮುಚ್ಚಳದ ಕಬ್ಬಿಣದ ಡಬ್ಬಿಯಲ್ಲಿ ಹೊರಗಿಡಿ. ಒಲೆ ಮುಂದೆ ನೈಲಾನ್ ಸೀರೆ, ನೈಟಿ ಬೇಡ. ಹತ್ತಿ ಸೀರೆ ಉಟ್ಟರೂ ಸೆರಗು ಸಿಕ್ಕಿಸಿ. ಬಟ್ಟೆಗೆ ಬೆಂಕಿ ತಾಗಿದರೆ ಓಡಬೇಡಿ, ನೆಲಕ್ಕೆ ಬಿದ್ದು ಉರುಳಿ. ಸುಟ್ಟ ಜಾಗಕ್ಕೆ 20 ನಿಮಿಷ ನಲ್ಲಿ ನೀರು ಬಿಡಿ. ಟೂತ್‌ಪೇಸ್ಟ್, ಇಂಕು, ಅರಿಶಿನ, ಬೆಣ್ಣೆ ಹಚ್ಚಿಕೊಂಡು ಬರಬೇಡಿ. ಅದನ್ನು ಉಜ್ಜಿ ತೆಗೆಯುವಾಗ ಮಕ್ಕಳು ಅಳುವುದನ್ನು ನೋಡಲಾಗುವುದಿಲ್ಲ.

ಗ್ಯಾಸ್ ಸಾಕು
ಒಂದು ಮಾತು ಕೇಳಲಾ? ಅವರ ಗ್ಯಾಸ್ ಸಿಲಿಂಡರ್ ಎಲ್ಲಿದೆ? ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ನೆಲದ ಮೇಲೇ ಹರಿಯುತ್ತದೆ. ಕಟ್ಟಿಗೆ ಒಲೆ ಬಾಯಿ ಇರುವುದೂ ನೆಲದ ಮಟ್ಟದಲ್ಲೇ. ಹಿಂದಿನ ಕೋಣೆಯಲ್ಲಿ ಸ್ಪೇರ್ ಸಿಲಿಂಡರ್ ಇಡುವ ಮನೆಗಳು ಬಹಳ.

ಹಿತ್ತಲಮನೆ
ಸ್ಪೇರ್ ಅಲ್ಲೇ ಇತ್ತು! ಈಗ ತಾನೇ ಎತ್ತಿ ಮುಂದಿನ ಸಿಟ್‌ಔಟಿಗೆ ತಂದೆ. ಬಹಳ ಉಪಕಾರ.

ಎಲ್ಲರ ಮಾತನ್ನೂ ಅಮ್ಮನಿಗೆ ಓದಿ ಹೇಳಿದೆ. ಹೆಂಚಿನ ಮನೆ, ಆರ್‌ಸಿಸಿ ಮನೆ ಮಾತು ಅವರಿಗೆ ತಾಗಿತು. ಕಿಟಕಿ ಜಾಲರಿಗೆ ಅಳತೆ ಕೊಟ್ಟಿದ್ದೇನೆ. ಅಲ್ಲಿಯವರೆಗೆ ರೊಟ್ಟಿ ಹೊರಗೆ ಮೂರು ಕಲ್ಲು ಹೂಡಿ. ಜಾಲಿ ಬಡಿದು ನೋಡಿದೆ, ದಪ್ ಅಂತು. ಅದು ಮುಂದಿನ ಬೇಸಿಗೆಗೆ.

ಮೇಸ್ತ್ರಿಗಳೇ, ಈಗ ಹಾಕಿರುವುದು ಹಳೇ ಮನೆಯಿಂದ ತಂದ ಸಿಮೆಂಟ್ ಶೀಟಿನ ಪೈಪ್. ಅದನ್ನೇ ಕೊಯ್ದು ನೇರ ಮಾಡಿ ಮೇಲಕ್ಕೆ ಜೋಡಿಸಬಹುದಾ?

ಕರಣೆ ಕೈ
ಕೊಯ್ಯಲೇಬೇಡಿ. ಆ ಹಳೇ ಶೀಟ್ ಪೈಪಿನಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಗರಗಸ ಹಾಕಿದರೆ ಏಳುವ ಧೂಳು ಶ್ವಾಸಕೋಶದಲ್ಲಿ ಕೂತು ವರ್ಷಗಳ ಮೇಲೆ ಕಾಯಿಲೆ ತರುತ್ತದೆ. ನೀರು ಹಾಕಿ ಒದ್ದೆ ಮಾಡಿ, ಒಡೆಯದೆ ಇಡಿಯಾಗಿ ಬಿಚ್ಚಿಸಿ. ಹೊಸದಾಗಿ ದಪ್ಪ ಕಬ್ಬಿಣದ ಪೈಪ್ ತನ್ನಿ. ಜಿಂಕ್ ಲೇಪದ್ದು ಒಲೆಯ ಹತ್ತಿರದ ಭಾಗಕ್ಕೆ ಬೇಡ, ತುಂಬ ಕಾದರೆ ಅದರ ಹೊಗೆ ಕೆಟ್ಟದ್ದು. ಪಿವಿಸಿ ಅಂತೂ ಕೇಳಲೇಬೇಡಿ.

ಪೈಪ್ ಛಾವಣಿ ದಾಟುವ ಕಡೆ ಮರದ ತೊಲೆ, ವೈರಿಂಗ್, ಫಾಲ್ಸ್ ಸೀಲಿಂಗ್ ಹತ್ತಿರ ಬರದಂತೆ ನೋಡಿ. ಒಲೆ ಹೊಟ್ಟೆಗೆ ಕಂಬಿ ಜಾಲರಿ ಕೂರಿಸಿ, ಕೆಳಗೆ ಬೂದಿಗೆ, ಗಾಳಿಗೆ ಒಂದು ಗೇಣು ಜಾಗ ಬಿಡಿಸಿ. ಹೊಸ ಮಣ್ಣು ಮೆತ್ತಿದ ಮೇಲೆ ಆತುರ ಬೇಡ. ನೆರಳಲ್ಲಿ ಒಣಗಲಿ, ಆಮೇಲೆ ಮೊದಲ ಕೆಲವು ದಿನ ಬರೀ ಪುಳ್ಳೆ ಉರಿ. ಒಮ್ಮೆಗೇ ದೊಡ್ಡ ಉರಿ ಹಾಕಿದರೆ ಸೀಳುತ್ತದೆ, ಸೀಳಿನಿಂದ ಮತ್ತೆ ಹೊಗೆ.

ಹಿತ್ತಲಮನೆ
ಕಬ್ಬಿಣದ ಪೈಪ್ ಎಷ್ಟು ಅಗಲದ್ದು ತರಲಿ?

ಕರಣೆ ಕೈ
ಎರಡು ಕಣ್ಣಿನ ಮನೆ ಒಲೆಗೆ 4 ಇಂಚು ಸಾಕು. ಮಸಿ ಬಡಿಯುವ ಬ್ರಷ್ಷನ್ನೂ ಅದೇ ಅಳತೆಗೆ ಅವತ್ತೇ ತಂದುಬಿಡಿ.